ಪ್ರಗತಿ ಪತ್ರ ಪಾರಾಯಣ

ಪ್ರಗತಿ ಪತ್ರವನ್ನು ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ತುದಿಯಿಂದ ಓದುತ್ತಾರೆ. ಅಮ್ಮನ ಕಣ್ಣು ಮೊದಲು ಹೋಗುವುದು ಹಾಜರಾತಿಯ ಚೌಕಕ್ಕೆ. "ಆಗಸ್ಟ್‌ನಲ್ಲಿ ಇಷ್ಟು ದಿನ ಹೋಗೇ ಇಲ್ವಾ ಇವಳು? ಓ, ಆ ಮಳೆಗೆ ಶೀತ ಆಗಿತ್ತಲ್ಲ" ಎಂದು ತಾನೇ ಕೇಳಿ ತಾನೇ ಉತ್ತರ ಹೇಳಿಕೊಳ್ಳುತ್ತಾಳೆ. ಹೆಂಡತಿ ಎತ್ತರ-ತೂಕದ ಸಾಲಿಗೆ ಬೆರಳಿಟ್ಟು, ಕಳೆದ ಸಲಕ್ಕಿಂತ ತೂಕ ಏರಿದೆಯೋ ಇಲ್ಲವೋ ನೋಡುತ್ತಾಳೆ. ಏರಿಲ್ಲದಿದ್ದರೆ ಅದರ ಹೊಣೆ ನೆಟ್ಟಗೆ ನನ್ನ ವಂಶದ ಮೇಲೆ ಬೀಳುತ್ತದೆ. ಮಗಳಿಗೆ ಬೇಕಾದದ್ದು ಮುಖಪುಟದ ತನ್ನ ಫೋಟೋ ಒಂದೇ. ಎರಡು ಜಡೆ ಹಾಕಿಸಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡು, ಕ್ಯಾಮೆರಾ ಕಂಡು ಬೆದರಿದಂತಿರುವ ಆ ಪಾಸ್‌ಪೋರ್ಟ್ ಸೈಜಿನ ಹುಡುಗಿ ತಾನಲ್ಲವೆಂಬುದು ಅವಳ ವಾದ.

ನಾನು ಓದುವುದು ಅಕ್ಷರಗಳನ್ನು. ಕನ್ನಡಕ್ಕೆ ಎ ಪ್ಲಸ್, ಪರಿಸರ ಅಧ್ಯಯನಕ್ಕೆ ಎ, ಇಂಗ್ಲಿಷಿಗೆ ಎ, ಗಣಿತಕ್ಕೆ ಬಿ ಪ್ಲಸ್. ಓದಿದ ಮರುಕ್ಷಣವೇ ನನ್ನೊಳಗಿನ ಹಳೆಯ ಗುಮಾಸ್ತ ಎದ್ದು ಕೂರುತ್ತಾನೆ. ಬಿ ಪ್ಲಸ್ ಅಂದರೆ ಎಷ್ಟು? ಐವತ್ತರಿಂದ ಅರವತ್ತೊಂಬತ್ತು. ಅದರಲ್ಲಿ ಇವಳಿಗೆ ಬಂದಿರುವುದು ಐವತ್ತೋ, ಅರವತ್ತೊಂಬತ್ತೋ? ಅರವತ್ತೊಂಬತ್ತಾದರೆ ಎ ಗ್ರೇಡು ಒಂದೇ ಅಂಕದಲ್ಲಿ ತಪ್ಪಿತಲ್ಲ! ಐವತ್ತಾದರೆ? ಮಗು ಊಟ ಮುಗಿಸಿ ಅಂಗಳಕ್ಕೆ ಓಡಿಹೋಗಿ ಎಷ್ಟೋ ಹೊತ್ತಾದ ಮೇಲೂ ನಾನು ಆ ಅಕ್ಷರದ ಮುಂದೆ ಕೂತಿರುತ್ತೇನೆ.

ನಮ್ಮ ರಾಜ್ಯದ ಪಠ್ಯಕ್ರಮದ ಪ್ರಾಥಮಿಕ ಶಾಲೆಗೆ ಮಕ್ಕಳನ್ನು ಕಳಿಸುವವರಿಗೆಲ್ಲ ಈ ಲೆಕ್ಕ ಗೊತ್ತಿದ್ದದ್ದೇ. ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ. ಕಾಗದದ ಮೇಲೆ ಅವುಗಳ ಹೆಸರು ರೂಪಣಾತ್ಮಕ ಮೌಲ್ಯಮಾಪನ, ಸಂಕಲನಾತ್ಮಕ ಮೌಲ್ಯಮಾಪನ ಎಂದಿದ್ದರೂ ಆ ಹೆಸರುಗಳನ್ನು ಯಾವ ತಾಯಿಯೂ ಶಾಲೆಯ ಗೇಟಿನ ಬಳಿ ಉಚ್ಚರಿಸಿದ್ದನ್ನು ನಾನು ಕೇಳಿಲ್ಲ. "ಎಫ್‌ಎ ಟೂ ಯಾವಾಗಂತೆ?" ಅಷ್ಟೇ. ಒಂದೊಂದು ಎಫ್‌ಎಗೆ ಹದಿನೈದು, ಒಂದೊಂದು ಎಸ್‌ಎಗೆ ಇಪ್ಪತ್ತು, ಎಲ್ಲ ಕೂಡಿದರೆ ನೂರು. ತೊಂಬತ್ತು ಮುಟ್ಟಿದರೆ ಎ ಪ್ಲಸ್, ಎಪ್ಪತ್ತರಿಂದ ಎಂಬತ್ತೊಂಬತ್ತಕ್ಕೆ ಎ, ಐವತ್ತಕ್ಕೆ ಬಿ ಪ್ಲಸ್, ಮೂವತ್ತಕ್ಕೆ ಬಿ, ಅದಕ್ಕೂ ಕೆಳಗೆ ಸಿ. ಡಿ ಇಲ್ಲ, ಇ ಇಲ್ಲ, ನಪಾಸು ಎಂಬ ಮಾತಂತೂ ಇಲ್ಲವೇ ಇಲ್ಲ.

ಈ ಗಡಿಗಳ ತಮಾಷೆ ಗೊತ್ತಾಗಬೇಕಾದರೆ ಸರ್ಕಾರಿ ಬಸ್ಸಿನ ಸ್ಟೇಜು ನೆನಪಿಸಿಕೊಳ್ಳಬೇಕು. ಒಂದು ಸ್ಟೇಜಿನ ಒಳಗೆ ಎಲ್ಲಿ ಹತ್ತಿ ಎಲ್ಲಿ ಇಳಿದರೂ ಒಂದೇ ದುಡ್ಡು. ಗಡಿಯಿಂದಾಚೆ ನಾಲ್ಕು ಮಾರು ಹೋದಿರೋ, ಕಂಡಕ್ಟರು ಇನ್ನೊಂದು ಸ್ಟೇಜಿನ ಕಾಸು ಕೇಳುತ್ತಾನೆ. ಎಪ್ಪತ್ತು ತೆಗೆದವಳಿಗೂ ಎ, ಎಂಬತ್ತೊಂಬತ್ತು ತೆಗೆದವಳಿಗೂ ಎ. ಎಂಬತ್ತೊಂಬತ್ತರವಳಿಗೂ ತೊಂಬತ್ತರವಳಿಗೂ ಇರುವುದು ಒಂದು ಕಾಗುಣಿತದ ವ್ಯತ್ಯಾಸ. ಒಬ್ಬಳು 'ಶಾಲೆ'ಯ ಶ ಸರಿಯಾಗಿ ಬರೆದಿದ್ದಾಳೆ, ಇನ್ನೊಬ್ಬಳು ಸ ಬರೆದಿದ್ದಾಳೆ. ಆದರೆ ಮನೆಯಲ್ಲಿ ಒಬ್ಬಳಿಗೆ ಐಸ್‌ಕ್ರೀಮು, ಇನ್ನೊಬ್ಬಳಿಗೆ "ಸ್ವಲ್ಪ ಗಮನ ಕೊಟ್ಟಿದ್ರೆ ಬರ್ತಿತ್ತಲ್ಲ" ಎಂಬ ಹಿತವಚನ.

ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂದು ಹೇಳುವ ವಯಸ್ಸು ನನಗೂ ಬಂದಿರುವುದರಿಂದ ಹೇಳಿಯೇಬಿಡುತ್ತೇನೆ. ನಮ್ಮದು ಮಾರ್ಕ್ಸ್ ಕಾರ್ಡ್. ಹಳದಿ ಬಣ್ಣದ ರಟ್ಟು, ಮಧ್ಯೆ ಮಡಿಕೆ, ಹಿಂದೆ ಪೋಷಕರ ಸಹಿಗೆ ಜಾಗ. ಮೂವತ್ತೈದಕ್ಕೆ ಒಂದು ಕಡಿಮೆಯಾದರೂ ಆ ಅಂಕದ ಅಡಿಗೆ ಕೆಂಪು ಗೆರೆ. ಮೇಷ್ಟ್ರು ಅಂಕಗಳನ್ನು ನೀಲಿ ಶಾಯಿಯಲ್ಲಿ ತುಂಬಿ, ಆಮೇಲೆ ಕೆಂಪು ಪೆನ್ನು ತೆಗೆದು ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದರು. ಸ್ಕೇಲಿಡುವ ಆ ಶಿಸ್ತಿಗೇ ನಮಗೆ ಹೆಚ್ಚು ಹೆದರಿಕೆ. ಕೊನೆಯಲ್ಲಿ ರ‍್ಯಾಂಕು: ನಲವತ್ತೆಂಟು ಮಕ್ಕಳಲ್ಲಿ ಹತ್ತೊಂಬತ್ತನೆಯವನು. ಅಪ್ಪನಿಗೆ ಬೇರೇನೂ ಓದಬೇಕಾಗಿರಲಿಲ್ಲ. ಹತ್ತೊಂಬತ್ತು ಎಂದರೆ ಮುಂದೆ ಹದಿನೆಂಟು ಜನರಿದ್ದಾರೆ ಎಂದರ್ಥ. ಅವರಲ್ಲಿ ಯಾರ‍್ಯಾರು ನಮ್ಮ ಬೀದಿಯವರು ಎಂಬುದು ಸಂಜೆಯೊಳಗೆ ಇತ್ಯರ್ಥವಾಗುತ್ತಿತ್ತು. ಸಹಿಗೆ ಹೆದರಿ ಅಜ್ಜನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ ಸಹಪಾಠಿಯೊಬ್ಬನಿದ್ದ. ಅವನ ಅಜ್ಜ ನಿವೃತ್ತ ಶಾನುಭೋಗರು, ಮೋಡಿ ಅಕ್ಷರವನ್ನೂ ಲೀಲಾಜಾಲವಾಗಿ ಬರೆಯುತ್ತಿದ್ದವರು ಎಂಬುದು ಮೇಷ್ಟ್ರಿಗೆ ಗೊತ್ತಿದ್ದದ್ದೇ ಫಜೀತಿಯಾಯಿತು.

ಆ ಅಂಕಗಳು ಎಷ್ಟು ನಂಬಿಕಸ್ಥ ಎಂದು ನಾವು ಯಾರೂ ಕೇಳುತ್ತಿರಲಿಲ್ಲ. ಕೇಳಿದವರು ಅಮೆರಿಕದಲ್ಲಿದ್ದರು, ಅದೂ ನಮ್ಮ ಅಜ್ಜಂದಿರ ಕಾಲಕ್ಕೇ. ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬಿಬ್ಬರು 1912ರಲ್ಲಿ ಪ್ರೌಢಶಾಲೆಯ ಮಕ್ಕಳ ಇಂಗ್ಲಿಷ್ ಉತ್ತರ ಪತ್ರಿಕೆಗಳ ನಕಲು ಮಾಡಿಸಿ ಬೇರೆ ಬೇರೆ ಶಾಲೆಗಳಿಗೆ ಕಳಿಸಿ, ನೂರಕ್ಕೆ ಇಷ್ಟು ಅಂತ ಅಂಕ ಕೊಡಿ ಎಂದು ಕೇಳಿಕೊಂಡರು. ಉತ್ತರ ಬಂದದ್ದು ನೂರ ನಲವತ್ತೆರಡು ಶಾಲೆಗಳಿಂದ. ಒಂದೇ ಪತ್ರಿಕೆ, ಅದೇ ವಾಕ್ಯಗಳು. ಒಬ್ಬರು ಐವತ್ತು ಕೊಟ್ಟಿದ್ದರು, ಒಬ್ಬರು ತೊಂಬತ್ತೇಳು. ಭಾಷೆಯ ವಿಷಯ, ಹಾಗಾಗುವುದು ಸಹಜ ಎಂದು ಗಣಿತದವರು ಮೂಗು ಮುರಿದಿರಬೇಕು. ಮರುವರ್ಷ ಇವರು ರೇಖಾಗಣಿತದ ಪತ್ರಿಕೆ ಕಳಿಸಿದರು. ಅಂತರ ಇನ್ನೂ ಹಿಗ್ಗಿತು! ಒಬ್ಬ ಶಿಕ್ಷಕರಿಗೆ ಉತ್ತರ ಸರಿಯಿದ್ದರೆ ಸಾಕು, ಇನ್ನೊಬ್ಬರಿಗೆ ಹಂತ ಹಂತವಾಗಿ ಬರೆದಿರಬೇಕು, ಮತ್ತೊಬ್ಬರಿಗೆ ಬರವಣಿಗೆ ದುಂಡಗಿರಬೇಕು. ನೂರರಲ್ಲಿ ಎಪ್ಪತ್ತಮೂರಕ್ಕೂ ಎಪ್ಪತ್ತನಾಲ್ಕಕ್ಕೂ ಇರುವ ಭೇದವನ್ನು ಮನುಷ್ಯ ಮಾತ್ರದವರು ಅಳೆಯಲಾರರು ಎನ್ನುವುದು ಆಗಲೇ ತಿಳಿದುಹೋಗಿತ್ತು. ನನ್ನ ಹತ್ತೊಂಬತ್ತನೇ ರ‍್ಯಾಂಕು ಬೇರೊಬ್ಬ ಮೇಷ್ಟ್ರ ಕೈಯಲ್ಲಿ ಒಂಬತ್ತನೆಯದಾಗುತ್ತಿತ್ತೋ ಏನೋ. ಅಪ್ಪ ಈಗ ಇಲ್ಲ. ಇದ್ದಿದ್ದರೆ ಇಪ್ಪತ್ತೊಂಬತ್ತನೆಯದೂ ಆಗಬಹುದಿತ್ತು ಎನ್ನುತ್ತಿದ್ದರು.

ಗ್ರೇಡಿನ ಹಿಂದಿರುವ ವಿವೇಕ ಇಷ್ಟೇ. ಸೂಕ್ಷ್ಮವಾಗಿ ಅಳೆಯಲು ಬಾರದಿದ್ದ ಮೇಲೆ ಸೂಕ್ಷ್ಮವಾಗಿ ಅಳೆದಂತೆ ನಟಿಸುವುದು ಬೇಡ, ಅಂದಾಜಿನಲ್ಲಿ ಐದು ಪಾಲು ಮಾಡಿ ಬಿಡೋಣ. ಅಕ್ಷರ ಬಳಸುವ ರೂಢಿ ಹಳೆಯದು. ಮ್ಯಾಸಚೂಸೆಟ್ಸ್‌ನ ಮೌಂಟ್ ಹೋಲಿಯೋಕ್ ಎಂಬ ಹೆಣ್ಣುಮಕ್ಕಳ ಕಾಲೇಜಿನಲ್ಲಿ 1897ರಲ್ಲಿ ಎ ಯಿಂದ ಇ ವರೆಗೆ ಗ್ರೇಡು ಕೊಡುತ್ತಿದ್ದರು. ಇ ಬಂದರೆ ನಪಾಸು. ಮರುವರ್ಷವೇ ಪಟ್ಟಿ ತಿದ್ದಿ ನಪಾಸಿಗೆ ಎಫ್ ಎಂಬ ಹೊಸ ಅಕ್ಷರ ತಂದರು. ಅಲ್ಲಿ ಎಪ್ಪತ್ತೈದಕ್ಕಿಂತ ಕೆಳಗೆ ಬಂದವರೆಲ್ಲ ನಪಾಸು ಎಂಬುದನ್ನು ಓದಿದಾಗ, ಮೂವತ್ತೈದರ ದಡ ಮುಟ್ಟಿ ನಿಟ್ಟುಸಿರು ಬಿಟ್ಟ ನಮ್ಮ ಇಡೀ ಪೀಳಿಗೆಯ ಪರವಾಗಿ ನನಗೆ ಒಂದು ಬಗೆಯ ಸಮಾಧಾನವಾಯಿತು.

ನಮ್ಮಲ್ಲಿ ಪ್ರಾಥಮಿಕ ಶಾಲೆಯ ಗ್ರೇಡುಗಳಿಗೆ ಬಲ ಬಂದದ್ದು ಶಿಕ್ಷಣ ಹಕ್ಕು ಕಾಯ್ದೆಯಿಂದ. 2009ರಲ್ಲಿ ಪಾಸಾಗಿ 2010ರ ಏಪ್ರಿಲ್ ಒಂದರಿಂದ ಜಾರಿಯಾದ ಆ ಕಾಯ್ದೆ, ಮಗುವನ್ನು ವರ್ಷಕ್ಕೊಂದು ದಿನ ಕೂರಿಸಿ ಪರೀಕ್ಷೆ ಮಾಡುವ ಬದಲು ವರ್ಷಪೂರ್ತಿ ಗಮನಿಸುತ್ತಿರಿ, ಹೆದರಿಕೆಯಿಲ್ಲದೆ ಕಲಿಯಲು ಬಿಡಿ, ಎಂಟನೇ ತರಗತಿಯವರೆಗೆ ಯಾರನ್ನೂ ಅದೇ ಕ್ಲಾಸಿನಲ್ಲಿ ಕೂರಿಸಬೇಡಿ ಎಂದಿತು. ಕೊನೆಯ ಮಾತನ್ನು 2019ರಲ್ಲಿ ಸಡಿಲಿಸಿ, ಐದು ಮತ್ತು ಎಂಟನೇ ತರಗತಿಗೆ ಪರೀಕ್ಷೆ ತಂದು, ಅದರಲ್ಲಿ ತಪ್ಪಿದವರನ್ನು ಅದೇ ಕ್ಲಾಸಿನಲ್ಲಿ ಉಳಿಸಿಕೊಳ್ಳುವುದನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟರು. ಆಮೇಲೆ ನಮ್ಮ ರಾಜ್ಯದಲ್ಲಿ ಏನಾಯಿತೆಂದು ಆ ತರಗತಿಗಳ ಮಕ್ಕಳಿದ್ದ ಮನೆಯವರನ್ನೇ ಕೇಳಬೇಕು. 2024ರಲ್ಲಿ ಬೋರ್ಡ್ ಮಾದರಿಯ ಪರೀಕ್ಷೆ ಹೈಕೋರ್ಟ್, ಸುಪ್ರೀಂ ಕೋರ್ಟ್ ಎರಡನ್ನೂ ಹತ್ತಿ, ಮಕ್ಕಳು ಪರೀಕ್ಷೆ ಬರೆದ ಮೇಲೆ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನನ್ನ ಗೆಳೆಯನ ಮಗ ಐದನೇ ತರಗತಿಯಲ್ಲಿದ್ದ. ಹತ್ತು ವರ್ಷದ ಹುಡುಗನ ಬಾಯಲ್ಲಿ "ಸ್ಟೇ ಸಿಕ್ಕಿದೆಯಂತೆ" ಎಂಬ ಮಾತು ಕೇಳಿ, ಇವನು ಖಂಡಿತ ವಕೀಲನಾಗುತ್ತಾನೆ ಅಂದುಕೊಂಡೆ.

ಗ್ರೇಡನ್ನು ತಂದವರ ಉದ್ದೇಶ ಒಂದು: ನಿನಗೆಷ್ಟು, ಅವನಿಗೆಷ್ಟು ಎಂಬ ಪ್ರಶ್ನೆ ಮನೆಯಿಂದ ತೊಲಗಲಿ. ತಂದೆತಾಯಿಯರಾದ ನಾವು ಮಾಡುತ್ತಿರುವ ಕೆಲಸ ಇನ್ನೊಂದು: ಆ ಅಕ್ಷರವನ್ನು ಬಿಡಿಸಿ ಮತ್ತೆ ಅಂಕ ಮಾಡುವುದು, ಅಂಕವನ್ನು ಜೋಡಿಸಿ ಮತ್ತೆ ರ‍್ಯಾಂಕ್ ಮಾಡುವುದು. ಸಿಬಿಎಸ್‌ಇಯವರು 2009ರಲ್ಲಿ ಎ ಒನ್, ಎ ಟೂ ಎಂದು ಒಂಬತ್ತು ಮೆಟ್ಟಿಲ ಗ್ರೇಡು ತಂದು, ಹತ್ತನೇ ತರಗತಿಗೆ ಸಿಜಿಪಿಎ ಕೊಟ್ಟು, ಕೊನೆಗೆ ಅದನ್ನು ಒಂಬತ್ತೂವರೆಯಿಂದ ಗುಣಿಸಿದರೆ ಶೇಕಡಾ ಎಷ್ಟೆಂದು ಸಿಗುತ್ತದೆ ಎಂದು ತಾವೇ ಸೂತ್ರ ಹೇಳಿಕೊಟ್ಟರು. ಒಂದು ಕೈಯಲ್ಲಿ ಕಸಿದು ಇನ್ನೊಂದು ಕೈಯಲ್ಲಿ ಕೊಟ್ಟ ಹಾಗಾಯಿತು. 2017ರ ಹೊತ್ತಿಗೆ ಆ ಪದ್ಧತಿಯನ್ನೇ ಮುಚ್ಚಿ ಅಂಕಗಳಿಗೆ ಮರಳಿದರು. ಗುಣಿಸಲು ಕಲಿತಿದ್ದ ತಂದೆತಾಯಿಯರಿಗೆ ಅದರಿಂದ ಅಂಥ ವ್ಯತ್ಯಾಸವೇನೂ ಆಗಲಿಲ್ಲ.

ಇದು ಊರು ಬಿಟ್ಟರೆ ಹೋಗುವ ಚಟವೂ ಅಲ್ಲ. ನನ್ನ ಷಡ್ಡಕ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಅಲ್ಲಿಯ ಎಷ್ಟೋ ಪ್ರಾಥಮಿಕ ಶಾಲೆಗಳ ರಿಪೋರ್ಟ್ ಕಾರ್ಡಿನಲ್ಲಿ ಅಕ್ಷರವೂ ಇರುವುದಿಲ್ಲ, ಒಂದರಿಂದ ನಾಲ್ಕರವರೆಗೆ ಅಂಕಿ. ಅದೂ ವಿಷಯಕ್ಕೊಂದಲ್ಲ, 'ನೂರರೊಳಗೆ ಕೂಡಿಸಬಲ್ಲಳು', 'ಕಥೆಯ ಮುಖ್ಯ ಸಂಗತಿಯನ್ನು ಹೇಳಬಲ್ಲಳು' ಎಂಬಂಥ ಒಂದೊಂದು ಕೌಶಲಕ್ಕೂ ಒಂದೊಂದು. ಎರಡನೇ ತರಗತಿಯ ಮಗಳ ಮೊದಲ ಕಾರ್ಡು ಬಂದ ರಾತ್ರಿ ಅವರು ಫೋನ್ ಮಾಡಿದರು.

"ಏನ್ರೀ ಇದು, ಬರೀ ಮೂರು, ಎರಡು, ಮೂರು, ಎರಡು. ನಾಲ್ಕಕ್ಕೆ ಮೂರು ಅಂದ್ರೆ ಎಪ್ಪತ್ತೈದು ಅಲ್ವೇನ್ರೀ? ಡಿಸ್ಟಿಂಕ್ಷನ್ನೂ ಇಲ್ಲ. ಎರಡು ಅಂದ್ರೆ ಐವತ್ತು. ಮನೇಲಿ ದಿನಾ ಓದಿಸ್ತೀವಿ!"

ಆ ದೇಶದಲ್ಲಿ ಡಿಸ್ಟಿಂಕ್ಷನ್ ಎಂಬುದೊಂದಿದೆಯೋ ಇಲ್ಲವೋ, ಇವರು ಅದನ್ನು ಹಾಸನದಿಂದ ಸೂಟ್‌ಕೇಸಿನಲ್ಲಿ ಒಯ್ದಿದ್ದರು. ಮುಂದಿನ ವಾರ ಶಾಲೆಗೆ ಹೋಗಿ ಟೀಚರನ್ನು ಕಂಡಾಗ ಆಕೆ ನಿಧಾನವಾಗಿ ತಿಳಿಸಿದರಂತೆ. ಮೂರು ಎಂದರೆ ಆ ತರಗತಿಗೆ ಬೇಕಾದಷ್ಟು ಕಲಿತಿದ್ದಾಳೆ ಎಂದರ್ಥ, ನೂರಕ್ಕೆ ಎಪ್ಪತ್ತೈದಲ್ಲ. ಅಳತೆ ಇಟ್ಟಿರುವುದು ಜೂನ್‌ನಲ್ಲಿ ವರ್ಷ ಮುಗಿಯುವ ಹೊತ್ತಿಗೆ ಏನು ಬರಬೇಕೋ ಅದಕ್ಕೆ; ಈಗ ನವೆಂಬರ್‌ನಲ್ಲಿ ಎರಡು ಬಂದಿದ್ದರೆ ದಾರಿಯಲ್ಲಿದ್ದಾಳೆ ಎಂದು ತಿಳಿಯಬೇಕು, ಹಿಂದೆ ಬಿದ್ದಿದ್ದಾಳೆ ಅಂತಲ್ಲ. ಷಡ್ಡಕರಿಗೆ ಜೀವ ಬಂತು. ಎದ್ದು ನಿಂತು ಥ್ಯಾಂಕ್ಸ್ ಹೇಳಿ, ಬಾಗಿಲವರೆಗೆ ಹೋಗಿ, ತಿರುಗಿ ಕೇಳಿದರಂತೆ: "ಕ್ಲಾಸಲ್ಲಿ ನಾಲ್ಕು ಎಷ್ಟು ಜನಕ್ಕೆ ಬಂದಿದೆ?" ಇದನ್ನು ನನಗೆ ಹೇಳಿದ್ದು ಅವರಲ್ಲ, ನಮ್ಮ ಅತ್ತಿಗೆ. ಹೇಳುವಾಗ ಹಿಂದಿನಿಂದ ಷಡ್ಡಕರು "ಏಯ್, ಅದೆಲ್ಲ ಯಾಕೆ" ಎಂದದ್ದೂ ಕೇಳಿಸಿತು.

ಹಾಗೆ ನೋಡಿದರೆ ಗ್ರೇಡಿಲ್ಲದೆ ಮಗುವಿನ ಕಲಿಕೆಯನ್ನು ಹೇಳುವ ಒಂದು ದಾರಿ ನಮ್ಮ ರಾಜ್ಯದಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕೂತು ಕಟ್ಟಿದ್ದು, ಯುನಿಸೆಫ್ ಒತ್ತಾಸೆಗಿತ್ತು. ನಮ್ಮ ಮನೆಗೆಲಸಕ್ಕೆ ಬರುವಾಕೆಯ ಮಗ ಸರ್ಕಾರಿ ಶಾಲೆಯ ಎರಡನೇ ತರಗತಿಯಲ್ಲಿದ್ದಾಗ ಅವನ ಬಾಯಿಂದಲೇ ಅದರ ಒಳಹೊರಗು ತಿಳಿದುಕೊಂಡೆ. ಗೋಡೆಯ ಮೇಲೆ ಕಲಿಕಾ ಏಣಿ. ಒಂದೊಂದು ಮೆಟ್ಟಿಲಿಗೂ ಒಂದೊಂದು ಚಿತ್ರ, ಆ ಚಿತ್ರದ್ದೇ ಕಾರ್ಡು. ಮಗು ತಾನೇ ತನ್ನ ಕಾರ್ಡು ಹುಡುಕಿಕೊಂಡು ಹೋಗಿ ಗುಂಪಿನಲ್ಲಿ ಕೂರಬೇಕು. ಗುಂಪುಗಳಿಗೆ ಅಲ್ಲಿ ತಟ್ಟೆ ಎನ್ನುತ್ತಾರೆ. ಒಂದು ತಟ್ಟೆಗೆ ಟೀಚರು ಪೂರ್ತಿ ಕೂತು ಹೇಳಿಕೊಡುತ್ತಾರೆ, ಒಂದಕ್ಕೆ ಸ್ವಲ್ಪ ಸ್ವಲ್ಪ, ಮತ್ತೊಂದರಲ್ಲಿ ಗೆಳೆಯರೇ ಹೇಳಿಕೊಳ್ಳುವುದು, ಕೊನೆಯದರಲ್ಲಿ ತಾನೇ ಮಾಡಿಕೊಳ್ಳುವುದು. ಅವನ ತಾಯಿ ಸಂಜೆ ಕೇಳುತ್ತಿದ್ದ ಪ್ರಶ್ನೆ "ಎಷ್ಟು ಮಾರ್ಕ್ಸ್ ಬಂತು?" ಅಂತಲ್ಲ, "ಇವತ್ತು ಯಾವ ತಟ್ಟೇಲಿ ಕೂತಿದ್ಯೋ?" ಅವನು ಹೇಳುವುದು: "ಟೀಚರ್ ತಟ್ಟೆ ಬಿಟ್ಟೆ ಕಣವ್ವ." ಓದು ಬರಹ ಅಷ್ಟಾಗಿ ಬಾರದ ಆಕೆಗೆ ಮಗ ಎಲ್ಲಿದ್ದಾನೆ, ಎಷ್ಟರಮಟ್ಟಿಗೆ ಇನ್ನೊಬ್ಬರ ಆಸರೆ ಬೇಕು ಎನ್ನುವುದು ಆ ಒಂದು ಮಾತಿನಲ್ಲಿ ಗೊತ್ತಾಗುತ್ತಿತ್ತು. ಎರಡು ಡಿಗ್ರಿ ಇಟ್ಟುಕೊಂಡ ನಾನು ಬಿ ಪ್ಲಸ್ ಹಿಡಿದುಕೊಂಡು ಮಂಡೆ ಕೆರೆದುಕೊಳ್ಳುತ್ತಿದ್ದೆ. ನಲಿ-ಕಲಿಯ ತೊಡಕುಗಳೂ ಇವೆ. ಒಬ್ಬರೇ ಟೀಚರು ಮೂರು ತರಗತಿಯ ಮಕ್ಕಳನ್ನು ಒಟ್ಟಿಗೆ ಸುಧಾರಿಸುವುದೆಂದರೆ ಬಾಯಿಮಾತಲ್ಲ. ಆದರೂ ಅಷ್ಟು ಬಿಚ್ಚಿ ಹೇಳುವ ಇನ್ನೊಂದು ಪದ್ಧತಿಯನ್ನು ನಾನು ಕಂಡಿಲ್ಲ.

ಈಗ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಸಮಗ್ರ ಪ್ರಗತಿ ಪತ್ರ ಎಂಬುದು ಬಂದಿದೆ. ಕೇಂದ್ರದ 'ಪರಖ್' ಸಂಸ್ಥೆ ತಯಾರಿಸಿದ ಈ ನಮೂನೆಯಲ್ಲಿ ಟೀಚರ ಜೊತೆಗೆ ಮಗುವೂ ತನ್ನ ಬಗ್ಗೆ ಹೇಳಬೇಕು, ಪಕ್ಕದಲ್ಲಿ ಕೂರುವ ಗೆಳತಿಯೂ ಹೇಳಬೇಕು, ಮನೆಯವರೂ ಹೇಳಬೇಕು. ಪುಟ್ಟ ಮಕ್ಕಳ ನಮೂನೆಯಲ್ಲಿ ಅಂಕವಿಲ್ಲ, ಅಕ್ಷರವಿಲ್ಲ. ತೊರೆ, ಪರ್ವತ, ಆಕಾಶ ಎಂದು ಮೂರು ಹಂತ. ಓದಿದಾಗ ಮನಸ್ಸಿಗೆ ಹಾಯೆನಿಸಿತು. ತೊರೆಯಲ್ಲಿದ್ದರೆ ಏನು ತಪ್ಪು, ನೀರಲ್ಲಿ ಕಾಲಾಡಿಸಿಕೊಂಡಿರಲಿ ಮಗು. ಆದರೆ ನಮ್ಮ ಜನವನ್ನು ಬಲ್ಲೆನಾದ್ದರಿಂದ ಮುಂದಿನದೂ ಕಣ್ಣಿಗೆ ಕಟ್ಟಿತು: "ನಿಮ್ಮವನು ಇನ್ನೂ ತೊರೇನಾ? ನಮ್ಮವಳು ಯುಕೆಜಿಲೇ ಆಕಾಶ." ಆಮೇಲೆ ಬೀದಿ ಬೀದಿಗಳಲ್ಲಿ 'ಮೂರು ತಿಂಗಳಲ್ಲಿ ತೊರೆಯಿಂದ ಆಕಾಶಕ್ಕೆ' ಎಂಬ ಟ್ಯೂಷನ್ ಬೋರ್ಡು.

ಕಾರ್ಡಿನಲ್ಲಿ ಟೀಚರ ಷರಾ ಎಂದು ಒಂದು ಸಾಲಿದೆ. ಅದನ್ನು ಓದುವವರು ಅಪರೂಪ, ಮನಸ್ಸಿಟ್ಟು ಬರೆಯುವವರೂ ಅಪರೂಪ. 'ಉತ್ತಮ', 'ಇನ್ನೂ ಪ್ರಯತ್ನಿಸಬೇಕು' ಎಂಬ ಎರಡು ಮಾತಿನಲ್ಲಿ ಎಷ್ಟೋ ತರಗತಿಗಳು ಕಳೆದುಹೋಗುತ್ತವೆ. ಐವತ್ತು ಮಕ್ಕಳ ಕಾರ್ಡನ್ನು ಒಂದೇ ಸಂಜೆ ತುಂಬಬೇಕಾದ, ಅದೇ ಅಂಕಗಳನ್ನು ಮತ್ತೆ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಏರಿಸಬೇಕಾದ ಟೀಚರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಇಸ್ರೇಲಿನಲ್ಲಿ ರೂತ್ ಬಟ್ಲರ್ ಎಂಬಾಕೆ ಐದು-ಆರನೇ ತರಗತಿಯ ಮಕ್ಕಳ ಮೇಲೆ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಷರಾ, ಇನ್ನು ಕೆಲವರಿಗೆ ಎರಡೂ. ಷರಾ ಮಾತ್ರ ಪಡೆದವರ ಆಸಕ್ತಿ ಬೆಳೆಯಿತು, ಕೆಲಸವೂ ಸುಧಾರಿಸಿತು. ಎರಡೂ ಪಡೆದವರಿಗೆ ಇನ್ನೂ ಒಳ್ಳೆಯದಾಗಬೇಕಿತ್ತಲ್ಲವೇ? ಆಗಲಿಲ್ಲ, ಅವರು ಅಂಕ ಮಾತ್ರ ಪಡೆದವರಂತೆಯೇ ಉಳಿದರು. ಪಕ್ಕದಲ್ಲಿ ಅಂಕ ಕಂಡರೆ ಷರಾ ಯಾರಿಗೆ ಬೇಕು? ಮಕ್ಕಳೇ ಹೀಗಾದರೆ ಮಕ್ಕಳ ಅಪ್ಪಂದಿರ ಪಾಡು ಹೇಳಬೇಕೆ.

ನನ್ನ ಬಿ ಪ್ಲಸ್ಸಿನ ಮಾತಿಗೆ ಬರುತ್ತೇನೆ. ದಸರಾ ರಜೆ ಮುಗಿದ ಮೇಲೆ ಪೋಷಕರ ಸಭೆ. ಮೂರನೇ ತರಗತಿಯ ಬೆಂಚುಗಳಲ್ಲಿ ಮಂಡಿ ಮಡಚಿ ಕೂತ ದೊಡ್ಡವರು ಒಬ್ಬೊಬ್ಬರಾಗಿ ಎದ್ದು ಟೀಚರ ಮೇಜಿನ ಬಳಿ ಹೋಗಿ ಬರುತ್ತಿದ್ದರು. ನನ್ನ ಸರದಿ ಬಂದಾಗ ನಾನು ತಯಾರಿ ಮಾಡಿಕೊಂಡಿದ್ದ ಪ್ರಶ್ನೆ ಕೇಳಿದೆ: "ಗಣಿತದಲ್ಲಿ ಎಷ್ಟು ಮಾರ್ಕ್ಸಿಗೆ ಎ ತಪ್ಪಿದೆ ಮೇಡಂ?"

ಆ ಟೀಚರಿಗೆ ನಿವೃತ್ತಿ ಹತ್ತಿರವಿರಬೇಕು. ನನ್ನ ಪ್ರಶ್ನೆಯನ್ನು ಕೇಳಿಸಿಕೊಳ್ಳದವರಂತೆ ಮೇಜಿನ ಕೆಳಗಿನ ಕಟ್ಟು ಬಿಚ್ಚಿ ಮಗಳ ಎಸ್‌ಎ ಪತ್ರಿಕೆ ತೆಗೆದರು. "ಇಲ್ನೋಡಿ ಸರ್" ಎಂದು ಮೂರು ಲೆಕ್ಕಗಳನ್ನು ತೋರಿಸಿದರು. ನಾನೂರ ಎರಡರಲ್ಲಿ ನೂರ ಎಪ್ಪತ್ತೆಂಟು ಕಳೆದು ಮಗಳು ಮುನ್ನೂರ ಇಪ್ಪತ್ತನಾಲ್ಕು ಬರೆದಿದ್ದಳು. ಐನೂರ ಮೂರರಲ್ಲಿ ಇನ್ನೂರ ಅರವತ್ತೇಳು ಹೋದರೆ ಮುನ್ನೂರ ಮೂವತ್ತಾರು. ಏಳುನೂರರಲ್ಲಿ ಮುನ್ನೂರ ನಲವತ್ತೈದು ಹೋದರೆ ನಾನೂರ ಐವತ್ತೈದು. ಮೂರೂ ತಪ್ಪು. "ಎಷ್ಟೆಷ್ಟು ತಪ್ಪಾಗಿದೆ ಹೇಳಿ?" ಎಂದರು ಟೀಚರು, ಈಗ ನಾನೇ ಮೂರನೇ ತರಗತಿಯವನು ಎಂಬಂತೆ. ಮನಸ್ಸಿನಲ್ಲೇ ಕಳೆದು ನೋಡಿದೆ. ಇನ್ನೂರ ಇಪ್ಪತ್ತನಾಲ್ಕು, ಇನ್ನೂರ ಮೂವತ್ತಾರು, ಮುನ್ನೂರ ಐವತ್ತೈದು. ಎಲ್ಲದರಲ್ಲೂ ಸರಿಯಾಗಿ ನೂರು ಹೆಚ್ಚು.

"ಸೊನ್ನೆ ಇಲ್ಲದ ಲೆಕ್ಕ ಒಂದೂ ತಪ್ಪಿಲ್ಲ ಸರ್ ಅವಳದು" ಎಂದು ಪುಟ ತಿರುಗಿಸಿದರು. "ಬಿಡಿ ಸ್ಥಾನದಲ್ಲಿ ಸಾಲದೇ ಬಂದಾಗ ಪಕ್ಕದ ಮನೆಗೆ ಕಡ ಕೇಳೋಕೆ ಹೋಗ್ತಾಳೆ. ಅಲ್ಲಿ ಸೊನ್ನೆ. ಅವರ ಹತ್ರಾನೂ ಇಲ್ಲ. ಸೊನ್ನೆ ಇದ್ರೆ ಒಂಬತ್ತು ಮಾಡ್ಬೇಕು ಅಂತ ನೆನಪಿಟ್ಕೊಂಡಿದಾಳೆ, ಮಾಡ್ತಾಳೆ. ಆದ್ರೆ ಆ ಸೊನ್ನೆ ಮನೆಯವರು ನೂರರ ಮನೆಯಿಂದ ತಂದು ಕೊಟ್ರು ಅನ್ನೋದು ಮರೀತಾಳೆ. ನೂರರ ಮನೇಲಿ ಒಂದು ಕಡಿಮೆ ಮಾಡೋದೇ ಇಲ್ಲ. ಅಷ್ಟೇ. ಬೇರೆ ಏನೂ ತೊಂದ್ರೆ ಇಲ್ಲ."

ನಾನು ಆ ಪತ್ರಿಕೆಯನ್ನು ಕೈಗೆ ತೆಗೆದುಕೊಂಡೆ. ಸೊನ್ನೆಯ ತಲೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಗೀಟು ಹೊಡೆದು ಮೇಲೆ ಪುಟ್ಟದಾಗಿ ಒಂಬತ್ತು ಬರೆದಿದ್ದಳು. ಪಕ್ಕದ ನಾಲ್ಕನ್ನು ಮುಟ್ಟಿಯೇ ಇರಲಿಲ್ಲ. ಮೂರು ಲೆಕ್ಕದಲ್ಲೂ ಅದೇ ಗೀಟು, ಅದೇ ಒಂಬತ್ತು, ಅದೇ ಮುಟ್ಟದ ಅಂಕಿ. ಇದು ಅಲಕ್ಷ್ಯವಲ್ಲ, ಅಲಕ್ಷ್ಯಕ್ಕೆ ಇಷ್ಟು ನಿಯಮ ಇರುವುದಿಲ್ಲ. ಅವಳು ಒಂದು ಪದ್ಧತಿಯನ್ನು ನಂಬಿ ನಿಷ್ಠೆಯಿಂದ ನಡೆಸಿದ್ದಳು, ಪದ್ಧತಿಯ ಒಂದು ಹೆಜ್ಜೆ ಕಾಣೆಯಾಗಿತ್ತು. ಮನೆಯಲ್ಲಿ ನಾನು ಹೇಳುತ್ತಿದ್ದ "ಸರಿಯಾಗಿ ನೋಡ್ಕೊಂಡು ಮಾಡಮ್ಮ" ಎಂಬ ಉಪದೇಶದಿಂದ ಅವಳಿಗೆ ಏನೂ ಆಗುವಂತಿರಲಿಲ್ಲ, ಯಾಕೆಂದರೆ ಅವಳು ಸರಿಯಾಗಿ ನೋಡಿಕೊಂಡೇ ಮಾಡುತ್ತಿದ್ದಳು. ಬಿ ಪ್ಲಸ್ ಎಂಬ ಅಕ್ಷರದಲ್ಲಿ ಇದಾವುದೂ ಇರಲಿಲ್ಲ. ಮಗ್ಗಿ ಬಾರದೆಯೂ ಬಿ ಪ್ಲಸ್ ಬರಬಹುದು, ಪರೀಕ್ಷೆಯ ದಿನ ಹೊಟ್ಟೆನೋವು ಬಂದೂ ಬಿ ಪ್ಲಸ್ ಬರಬಹುದು. ಗ್ರೇಡು ಎಲ್ಲರಿಗೂ ಅದೇ ಮುಖ ತೋರಿಸುತ್ತದೆ.

"ಮನೇಲಿ ನೋಟು ಇಟ್ಕೊಂಡು ಮಾಡ್ಸಿ ಸರ್, ಎರಡು ದಿನದಲ್ಲಿ ಸರಿಹೋಗುತ್ತೆ" ಎಂದರು ಟೀಚರು. ಎದ್ದು ಬರುವಾಗ ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲವೆಂಬುದು ನೆನಪಾಯಿತು. ಹಿಂದೆ ಸಾಲಿನಲ್ಲಿ ಜನರಿದ್ದರು.

ನೋಟಿನ ಪಾಠವನ್ನು ಅಮ್ಮ ವಹಿಸಿಕೊಂಡಳು. ದುಡ್ಡೆಣಿಸುವ ಕೆಲಸವನ್ನು ಆಕೆ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಜಗುಲಿಯ ಮೇಲೆ ನೂರರ ನೋಟು ನಾಲ್ಕು, ರೂಪಾಯಿ ನಾಣ್ಯ ಎರಡು ಇಟ್ಟು ಮೊಮ್ಮಗಳನ್ನು ಎದುರು ಕೂರಿಸಿಕೊಂಡಳು. "ನಾನು ಅಂಗಡಿಯವಳು. ನೂರ ಎಪ್ಪತ್ತೆಂಟು ಕೊಡು." ಮಗಳು ಎರಡು ನಾಣ್ಯ ನೋಡಿದಳು, ನೋಟು ನೋಡಿದಳು. ಹತ್ತರ ನೋಟೇ ಇಲ್ಲ. "ಚಿಲ್ರೆ ಇಲ್ಲ ಅಜ್ಜಿ." "ಇಲ್ದಿದ್ರೆ ಮಾಡ್ಸು." ಒಂದು ನೂರು ಕೊಟ್ಟು ಹತ್ತರ ಹತ್ತು ನೋಟು ತಗೊಂಡಳು. ಅದರಲ್ಲೊಂದು ಕೊಟ್ಟು ಹತ್ತು ನಾಣ್ಯ ತಗೊಂಡಳು. ಹತ್ತರ ನೋಟು ಉಳಿದದ್ದು ಒಂಬತ್ತು. "ಓ, ಒಂಬತ್ತು!" ಎಂದಳು ಮಗಳು, ಹಳೆಯ ಪರಿಚಿತರು ಸಿಕ್ಕಂತೆ. "ಈಗ ನೂರರ ನೋಟು ಎಷ್ಟಿದೆ ನಿನ್ನ ಹತ್ರ?" "ನಾಲ್ಕು." "ಎಣ್ಸು." ಎಣಿಸಿದಳು. "ಮೂರು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಯ್ಯೋ, ಒಂದು ಚಿಲ್ರೆ ಮಾಡ್ಸಿದ್ನಲ್ಲ!" ಎಂದಳು. ಅಂಗಡಿಯವಳು ತನ್ನ ನೂರ ಎಪ್ಪತ್ತೆಂಟನ್ನು ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ಅದು ನನ್ನ ಪರ್ಸಿನ ದುಡ್ಡು, ಇವತ್ತಿಗೂ ವಾಪಸು ಬಂದಿಲ್ಲ.

ಏಪ್ರಿಲ್ ಹತ್ತರಂದು ವಾರ್ಷಿಕ ಫಲಿತಾಂಶ ಬಂತು. ಅವತ್ತು ಸಂಜೆ ಎದುರು ಮನೆಯವರು ಗೇಟಿನ ಬಳಿ ಸಿಕ್ಕಿದರು. ಅವರ ಮಗನೂ ಇವಳದೇ ಕ್ಲಾಸು. "ಹೇಗಾಯ್ತು ಪುಟ್ಟಿದು?" ಎಂದರು. ಬೇಸಿಗೆಯ ಸಂಜೆ, ಇಬ್ಬರಿಗೂ ಬೇರೆ ಕೆಲಸವಿರಲಿಲ್ಲ. ನಾನು ಸೊನ್ನೆಯ ಕಥೆಯನ್ನು ಮೊದಲಿನಿಂದ ಹೇಳಿದೆ. ಪೆನ್ಸಿಲಿನ ಗೀಟು, ನೂರು ಹೆಚ್ಚು ಬಂದದ್ದು, ಅಮ್ಮನ ಅಂಗಡಿ, ಎಲ್ಲ. ಅವರು ಮನಸ್ಸಿಟ್ಟು ಕೇಳಿದರು, ನೂರೆಪ್ಪತ್ತೆಂಟು ರೂಪಾಯಿ ಸೆರಗಿಗೆ ಸೇರಿದ್ದಕ್ಕೆ ಮನಸಾರೆ ನಕ್ಕರು. "ಒಳ್ಳೇದಾಯ್ತು ಬಿಡಿ. ಬೇಸ್ ಗಟ್ಟಿಯಾಗ್ಬೇಕು" ಎಂದರು. ಆಮೇಲೆ ಗೇಟಿನ ಚಿಲಕ ಆಡಿಸುತ್ತ, "ಅಂದ ಹಾಗೆ ಗಣಿತಕ್ಕೆ ಗ್ರೇಡು?" ಎಂದರು.

"ಎ ಬಂದಿದೆ. ನಿಮ್ಮವನದು?"

"ಅವನ್ದೂ ಎ ಕಣ್ರೀ" ಎಂದು ಸ್ವಲ್ಪ ಹತ್ತಿರ ಬಂದು ದನಿ ತಗ್ಗಿಸಿದರು. "ಆದ್ರೆ ಎಂಬತ್ತೊಂಬತ್ತರ ಎ."